ವೈನಿ ಓಡಿಸಿದರೆ ಮಾತ್ರ ನಿಲ್ಲುತ್ತಿದ್ದ ಪಿಕಪ್ಪು

ನಿನ್ನೆ ಒಂದು ಮೊಳೆ ಬೇಕಾಗಿ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದೆ. ಮೊಳೆ ಸಿಗಲಿಲ್ಲ. ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಪ್ಲಾಸ್ಟಿಕ್ಕಿನ ವಾಲ್ವು ಸಿಕ್ಕಿತು. ಒಂದು ಕಡೆ ವೈರು ಸಿಕ್ಕಿಸುವ ಬಾಯಿ, ಇನ್ನೊಂದು ಕಡೆ ಗಾಳಿ ಓಡಾಡುವ ಬಾಯಿ. ಗಾಳಿಯ ಬಾಯಲ್ಲಿ ಗಾರೆಯಂತೆ ಏನೋ ಗಟ್ಟಿಯಾಗಿ ಕೂತಿದೆ. ಅದು ಜೋಳದ ಹಿಟ್ಟು.

"ಇದೇನ್ರಿ ಇದು?" ಅಂದಳು ಹೆಂಡತಿ.

"ಅಣ್ಣನ ಪಿಕಪ್ಪಿಂದು. ನಾನ ಬದಲಿ ಮಾಡಿದ್ದೆ."

ಈ ಮಾತನ್ನು ಎಷ್ಟು ವರ್ಷಗಳಿಂದ ಹೇಳುತ್ತಿದ್ದೇನೋ. ಹೇಳಿ ಹೇಳಿ ಅದು ನುಣುಪಾಗಿದೆ, ಎಲ್ಲೂ ತಡೆಯದೆ ಬಾಯಿಂದ ಜಾರುತ್ತದೆ. ಅದಕ್ಕೇ ಈಗ ಅನುಮಾನ. ನೀವು ಹೇಗೂ ಕೂತಿದ್ದೀರಿ, ಇನ್ನೊಮ್ಮೆ ಮೊದಲಿನಿಂದ ಹೇಳಿ ನೋಡುತ್ತೇನೆ. ನಾನು ಚಂದ ಮಾಡಲು ಹೊರಟ ಕಡೆ ನನ್ನನ್ನು ನಂಬಬೇಡಿ.

ಅಣ್ಣನದು ನಾವಿರುವ ಈ ಮರಾಠಿ ಶಹರದ ಖಡಕಿಯಲ್ಲಿ ಹಿಟ್ಟಿನ ಗಿರಣಿ. ತೊಂಬತ್ತರ ದಶಕದಲ್ಲಿ ಅವನ ಗಿರಾಕಿಗಳೆಂದರೆ ನಮ್ಮ ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹತ್ತಾರು ಮನೆಗಳು. ಸ್ಕೂಟರಿನ ಮುಂದೆ ಚೀಲ ನಿಲ್ಲಿಸಿಕೊಂಡು ತಾನೇ ಮುಟ್ಟಿಸುತ್ತಿದ್ದ. ಆಮೇಲೆ ವಿಮಾನ ನಗರ, ಖರಾಡಿಗಳಲ್ಲಿ ಆಫೀಸುಗಳೆದ್ದವು. ಆಫೀಸಿನ ಬೆನ್ನಿಗೆ ಮೆಸ್ಸುಗಳು ಬಂದವು. ಮೆಸ್ಸಿನವರಿಗೆಲ್ಲ ಸಣ್ಣಗೆ ಬೀಸಿದ ಜೋಳದ ಹಿಟ್ಟು ಬೇಕು, ಅದೂ ಮಧ್ಯಾಹ್ನದ ಊಟಕ್ಕೆ ಮುಂಚೆ. ಹೀಗಾಗಿ ಒಂದು ಪೆಟ್ರೋಲ್ ಪಿಕಪ್ಪು ಬಂತು. ಅಣ್ಣ ಗಿರಣಿ ಬಿಟ್ಟು ದಿನಾ ಏಳುವಂತಿಲ್ಲ, ನನಗೆ ಕಾರ್ಖಾನೆಯ ಕೆಲಸ. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಯಾರನ್ನೂ ಕೇಳದೆ ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದರು. ಕಲಿಸುವವನು "ತಾಯೀ, ಬ್ರೇಕ್! ತಾಯೀ, ಬ್ರೇಕ್!" ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡನಂತೆ. ತಿಂಗಳೊಪ್ಪತ್ತಿನಲ್ಲಿ ವೈನಿ ಚೀಲ ತುಂಬಿದ ಗಾಡಿಯನ್ನು ಗಿರಣಿಯ ಗಲ್ಲಿಯಿಂದ ಹಿಮ್ಮುಖವಾಗಿ ಹೊರಗೆ ತೆಗೆದರು. ಆ ಗಲ್ಲಿಯಲ್ಲಿ ನಾನು ಸ್ಕೂಟರನ್ನೇ ಇಳಿದು ತಳ್ಳುತ್ತೇನೆ.

ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಪಿಕಪ್ಪಿಗೆ ಒಂದು ರೋಗ ಹತ್ತಿತು. ವೈನಿ ಓಡಿಸಿದ ದಿನ ಮಧ್ಯಾಹ್ನದ ಹೊತ್ತಿಗೆ ಜಗ್ಗಿ ಜಗ್ಗಿ ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಬಹಳ ಹೊತ್ತು ಹಾಗೇ ಬಿಟ್ಟರೆ ತಾನೇ ಚಾಲೂ ಆಗುತ್ತಿತ್ತು. ಅಣ್ಣ ಓಡಿಸಿದ ದಿನ, ಅಥವಾ ರಜೆಯ ದಿನ ನಾನು ಓಡಿಸಿದಾಗ, ಎಂದೂ ನಿಲ್ಲಲಿಲ್ಲ.

"ಕ್ಲಚ್ಚಿನ ಮ್ಯಾಲೆ ಕಾಲಿಟ್ಟು ಹಂಗ ಕೂತಬಿಡ್ತಿ ನೀ, ಮನ್ಯಾಗ ಕುರ್ಚಿ ಮ್ಯಾಲೆ ಕೂತಂಗ," ಎಂದ ಅಣ್ಣ.

"ಮನ್ಯಾಗ ಕುರ್ಚಿ ಮ್ಯಾಲೆ ಕೂಡಲಿಕ್ಕೆ ನನಗ ಪುರುಸೊತ್ತು ಯಾವಾಗದ ರೀ?" ಎಂದರು ವೈನಿ.

ನಾನು ಡಿಪ್ಲೊಮಾ ಮಾಡಿದವನು. ಪ್ಲಗ್ಗು ಬದಲಿಸಿದೆ, ಫಿಲ್ಟರು ಬದಲಿಸಿದೆ, ಕೊನೆಗೆ ಟಾಕಿಯೊಳಗಿನ ಪೆಟ್ರೋಲ್ ಪಂಪನ್ನೂ ಬದಲಿಸಿದೆ. ಪ್ರತಿ ಸಲ ಕೈ ಒರೆಸಿಕೊಳ್ಳುತ್ತ "ಮುಗೀತು ವೈನಿ, ಇನ್ನ ಬೇಫಿಕರ್ ಹೋಗ್ರಿ" ಅಂದೆ. ಪ್ರತಿ ಸಲ ಅವರು ಯಾರ್ಯಾರ ಕೈಯಲ್ಲೋ ತಳ್ಳಿಸಿಕೊಂಡು ಬಂದರು. ಆಗ ನಾನೂ ಅಣ್ಣನ ಕಡೆ ವಾಲಿದೆ. ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದಮೇಲೆ ತಪ್ಪು ವೈನಿಯ ಕಾಲಿನಲ್ಲೇ ಇರಬೇಕಲ್ಲ. ಎಷ್ಟು ಅನುಕೂಲದ ತರ್ಕ ನೋಡಿ.

ವಿಮಾನ ನಗರದ ಒಂದು ಮೆಸ್ಸಿಗೆ ಮೂರನೆಯ ಸಲ ಹಿಟ್ಟು ತಡವಾಗಿ ಮುಟ್ಟಿದ ದಿನ, ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿಯಲ್ಲೇ ಅಣ್ಣ ಹೇಳಿದ: "ಮುಂದಿನ ವಾರದಿಂದ ಡ್ರೈವರ್ ಇಡ್ತೀನಿ. ನೀ ಗಿರಣ್ಯಾಗ ತಕ್ಕಡಿ ನೋಡ್ಕೋ."

ಆಗ ತವೆಯ ಮೇಲೆ ರೊಟ್ಟಿ ಸುಟ್ಟು ವಾಸನೆ ಬಂತು ಎಂದು ನಾನು ಹೇಳುತ್ತ ಬಂದಿದ್ದೇನೆ. ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಆ ರೊಟ್ಟಿಯನ್ನು ನಾನೇ ಆಮೇಲೆ ಸುಟ್ಟಿರಬಹುದು. ವೈನಿ ಆಡಿದ ಮಾತು ಮಾತ್ರ ಖಚಿತ.

"ಡ್ರೈವರ್ ಇಡ್ರಿ. ಅದಕ್ಕೂ ಮದಲ ಒಂದ ದಿನಾ ನೀವು ನನ್ನಂಗ ಹೊಡದ ತೋರಸ್ರಿ."

"ನಿನ್ನಂಗ ಅಂದ್ರ?"

"ಮುಂಜಾನೆ ಟಾಕಿ ಪೂರಾ ತುಂಬಸ್ರಿ. ಆಮ್ಯಾಲೆ ಮನೀಗೆ ಬರೂತನಕ ಮುಚ್ಚಳಾ ಮುಟ್ಟಬ್ಯಾಡ್ರಿ."

ಅಣ್ಣನಿಗೂ ನನಗೂ ಸ್ಕೂಟರ್ ಕಾಲದ ಚಟವೊಂದಿತ್ತು: ದಾರಿಯಲ್ಲಿ ಪೆಟ್ರೋಲ್ ಬಂಕು ಕಂಡಲ್ಲೆಲ್ಲ ನಿಂತು ಸ್ವಲ್ಪ ಸ್ವಲ್ಪ ಹಾಕಿಸುವುದು. ವೈನಿ ಅಡುಗೆಮನೆಯ ಸಾಮಾನು ತರಿಸುವಂತೆ ಒಂದೇ ಸಲ ಪೂರ್ತಿ ತುಂಬಿಸುತ್ತಿದ್ದರು. ಈ ವ್ಯತ್ಯಾಸ ನಮ್ಮಿಬ್ಬರ ಕಣ್ಣಿಗೆ ಬಿದ್ದಿರಲೇ ಇಲ್ಲ. ಜೊತೆಗೆ ಕೂತು ಹೋದಾಗಲೆಲ್ಲ ವೈನಿ ಇನ್ನೊಂದನ್ನೂ ಗಮನಿಸಿದ್ದರು. ಅಣ್ಣ ಮುಚ್ಚಳ ತಿರುವಿದ ಕೂಡಲೇ ಟಾಕಿ 'ಸುಸ್ಸ್' ಎಂದು ಗಾಳಿ ಎಳೆದುಕೊಳ್ಳುತ್ತಿತ್ತು.

"ತಮ್ಮಾ, ಎಣ್ಣಿ ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಬರ್ತದೇನು?" ಎಂದು ನನ್ನನ್ನು ಕೇಳಿದರು. "ಗಾಳಿ ಒಳಗ ಹೋಗ್ಲಿಕ್ಕೆ ಇನ್ನೊಂದ ಬೇಕು. ಈ ಟಾಕೀದು ಎರಡನೇ ತೂತು ಎಲ್ಲದ?"

ನಾನು ನಕ್ಕೆ. ಗಾಡಿಯ ಟಾಕಿ ಎಣ್ಣೆಯ ಡಬ್ಬಿಯಲ್ಲ ವೈನಿ, ಎಂದೆ. ಈ ನಗು ನಿಜವಾಗಿಯೂ ನಡೆದದ್ದು. ಮರೆತು ಹೋಗಲೆಂದು ನಾನು ಪಟ್ಟ ಪ್ರಯತ್ನವೆಲ್ಲ ವ್ಯರ್ಥವಾಗಿದೆ.

ಪರೀಕ್ಷೆಯ ದಿನ ಮೂವರೂ ಮುಂದೆ ಕೂತೆವು. ಟಾಕಿ ತುಂಬಿತ್ತು. ಅಣ್ಣ ಎಡಗಾಲನ್ನು ಕ್ಲಚ್ಚಿನಿಂದ ದೂರ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಓಡಿಸಿದ. ವಿಮಾನ ನಗರದಲ್ಲಿ ಚೀಲ ಇಳಿಸಿದೆವು, ಖರಾಡಿಯಲ್ಲಿ ಇಳಿಸಿದೆವು. ದಾರಿಯಲ್ಲಿ ಬಂಕು ಬಂದಾಗಲೆಲ್ಲ ಅವನ ಕೈ ತಾನಾಗಿ ಆ ಕಡೆ ತಿರುಗುತ್ತಿತ್ತು. "ಹೂಂ?" ಎನ್ನುತ್ತಿದ್ದರು ವೈನಿ. ವಾಪಸು ಬರುವಾಗ ಗಾಡಿ ಒಮ್ಮೆ ಜಗ್ಗಿತು. ಇನ್ನೊಮ್ಮೆ ಜಗ್ಗಿತು. ನಿಂತಿತು.

ಅಣ್ಣ ಕೀಲಿ ತಿರುವಿದ, ಮತ್ತೆ ತಿರುವಿದ. ಹಿಂದಿನಿಂದ ಹಾರ್ನುಗಳು. ಪಕ್ಕದಲ್ಲಿ ಹಾದ ರಿಕ್ಷಾದವನು ತಲೆ ಹೊರಗೆ ಹಾಕಿ, "ಕಾಯ್ ಕಾಕಾ, ಗಾಡೀ ಚಾಲವತಾ ಯೇತ್ ನಾಹೀ ಕಾ?" ಎಂದ. ಗಾಡಿ ಓಡಿಸಲು ಬರುವುದಿಲ್ಲವೇ ಕಾಕಾ ಎಂದು ಅಣ್ಣನನ್ನು ಕೇಳಿದ್ದ! ಹಿಟ್ಟು ಹತ್ತಿದ ಅಣ್ಣನ ಮುಖ ಕೆಂಪಾಯಿತು.

"ಕಾಲು ಎಲ್ಲದ ನೋಡ್ಕೋರಿ," ಎಂದರು ವೈನಿ.

ಅವರು ಇಳಿದು ಹೋಗಿ ಮುಚ್ಚಳ ತಿರುವಿದರು. ಮುಂದೆ ಕೂತ ನನಗೂ ಕೇಳುವಷ್ಟು ಉದ್ದಕ್ಕೆ ಟಾಕಿ ಉಸಿರೆಳೆಯಿತು. "ಈಗ ಹೊಡೀರಿ," ಎಂದರು. ಒಂದೇ ತಿರುವಿಗೆ ಎಂಜಿನ್ನು ಚಾಲೂ ಆಯಿತು. ಅಣ್ಣ ಅದನ್ನು ಚಾಲೂ ಇಟ್ಟೇ ಕೆಳಗಿಳಿದ, ಗಾಡಿಯನ್ನು ಸುತ್ತು ಹಾಕಿ ಬಂದು ನನ್ನ ಪಕ್ಕ ಎಡಗಡೆ ಕೂತ. ವೈನಿ ಬಲಗಡೆಯಿಂದ ಹತ್ತಿದರು. ಡ್ರೈವರನ ಸುದ್ದಿ ಮತ್ತೆ ಎಂದೂ ಬರಲಿಲ್ಲ.

ಟಾಕಿಯ ಎರಡನೆಯ ತೂತು ಎಲ್ಲಿದೆ ಎಂದು ಆಮೇಲೆ ಹುಡುಕಿದೆವು. ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಅದನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯೊಂದು ಗಾಡಿಯ ಹೊಟ್ಟೆಯಡಿ ಇರುತ್ತದೆ. ಟಾಕಿಗೆ ಹೊರಗಿನ ಗಾಳಿ ಬರುವುದು ಆ ಡಬ್ಬಿಯ ತುದಿಯ ಈ ಪುಟ್ಟ ವಾಲ್ವಿನಿಂದ. ಊದಿದರೆ ಗಾಳಿ ಆಚೆ ಹೋಗಬೇಕು. ನಾನು ಕೆನ್ನೆ ಉಬ್ಬಿಸಿ ಊದಿದೆ, ಹೋಗಲಿಲ್ಲ. ಅಣ್ಣನೂ ನಾನೂ ಬಂಕಿನಲ್ಲಿ ಮುಚ್ಚಳ ತೆಗೆಸಿದಾಗಲೆಲ್ಲ ಟಾಕಿಗೆ ಗಾಳಿ ಸಿಗುತ್ತಿತ್ತು, ವೈನಿ ಓಡಿಸಿದ ದಿನ ಸಿಗುತ್ತಿರಲಿಲ್ಲ. ಅಣ್ಣ ದಿನಾ ಸಂಜೆ ಪೈಪು ಹಿಡಿದು ಗಾಡಿಯ ಹಿಂಭಾಗವನ್ನು ತೊಳೆಯುತ್ತಿದ್ದ. "ನನ್ನ ಗಾಡ್ಯಾಗ ಎಲಿ ಹಾಕಿ ಊಟಕ್ಕ ಕೂಡಬಹುದು" ಎಂಬುದು ಅವನ ಜಂಬ. ಚೀಲದಿಂದ ಉದುರಿದ ಹಿಟ್ಟು ಆ ನೀರಿನಲ್ಲಿ ಕಲಸಿಕೊಂಡು, ಸಂದಿಯಿಂದ ತೊಟ್ಟಿಕ್ಕಿ, ವಾಲ್ವಿನ ಬಾಯಲ್ಲಿ ಪದರ ಪದರವಾಗಿ ಒಣಗಿತ್ತು.

ಅಣ್ಣ ಅದನ್ನು ಉಗುರಿನಿಂದ ಕೆರೆದು ನೋಡಿದ. "ನಮ್ಮ ಗಿರಣಿ ಹಿಟ್ಟ," ಎಂದ. "ಸಣ್ಣಗ ಬೀಸೇದ."

ನಾನಾ ಪೇಟೆ ಎಂಬಲ್ಲಿನ ಬಿಡಿಭಾಗದ ಅಂಗಡಿಯಿಂದ ಹೊಸ ವಾಲ್ವು ತಂದೆವು. ಇನ್ನು ನನ್ನ ನುಣುಪು ಮಾತಿನ ಸರದಿ. ನಾನು ಬೆನ್ನ ಮೇಲೆ ಮಲಗಿ ಗಾಡಿಯಡಿ ಸರಿದದ್ದು ನೆನಪಿದೆ, ಕಣ್ಣಿಗೆ ಒಣಮಣ್ಣು ಉದುರಿದ್ದೂ ನೆನಪಿದೆ. ಆದರೆ ಟಾಕಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಬಳೆ ತೊಟ್ಟ ಕೈಯೊಂದು ಹೊಕ್ಕು, ಬಳೆಗಳು ಕಬ್ಬಿಣಕ್ಕೆ ತಾಗಿ ಕಿಣಿಗುಟ್ಟಿದ್ದೂ ನೆನಪಿದೆ. ನನ್ನ ಕೈ ಆ ಸಂದಿಯಲ್ಲಿ ಮಣಿಕಟ್ಟಿಗೇ ಸಿಕ್ಕಿಕೊಂಡಿತ್ತು. ಹಾಗಿದ್ದರೆ ಬೋಲ್ಟು ಬಿಗಿದವರು ಯಾರು? ಇಷ್ಟು ವರ್ಷ ನಾನು ಬಳೆಗಳನ್ನು ಬಿಟ್ಟು ಕಥೆ ಹೇಳಿದ್ದೇನೆ.

ಇವತ್ತು ಭಾನುವಾರ, ಖಡಕಿಗೆ ಹೋಗಿದ್ದೆ. ಧಾರವಾಡದಿಂದ ನಂಟರು ಬಂದಿದ್ದರು. ಪಿಕಪ್ಪು ಈಗ ಮೂರನೆಯದು, ಓಡಿಸುವವರು ವೈನಿಯೇ. ಕೂದಲು ನೆರೆತ ಅಣ್ಣ ನಂಟರಿಗೆ ಹೆಮ್ಮೆಯಿಂದ ಹೇಳುತ್ತಿದ್ದ: "ಈಕಿ ಕೈಯಾಗ ಗಾಡಿ ಒಂದ ದಿನಾನೂ ದಾರ್‍ಯಾಗ ನಿಂತಿಲ್ಲ ನೋಡ್ರಿ. ನಾ ಮದಲ ದಿನಾನ ಹೇಳಿದ್ದೆ, ಈಕೀನ ಹೊಡೀಲಿ ಅಂತ."

ಸುಳ್ಳು ಹೇಳುತ್ತಿರಲಿಲ್ಲ ಅವನು. ಅವನ ಮಾತೂ ನುಣುಪಾಗಿತ್ತು, ಅಷ್ಟೆ. ವೈನಿ ಶೇಂಗಾ ಬಿಡಿಸುತ್ತ ಕೂತಿದ್ದರು.

"ನಿಂತಿತ್ತು ಅಣ್ಣಾ," ಎಂದೆ. "ದಿನಾ ನಿಲ್ತಿತ್ತು. ಅವರ ಕಾಲಂದ ತಪ್ಪು ಅಂತ ನೀ ಅಂದಿ, ನಾನೂ ಹೂಂ ಅಂದೆ. ಕಡೀಕ ನೀ ಹೊಡದಾಗೂ ನಿಂತಿತ್ತು."

ಅಣ್ಣ ವೈನಿಯ ಮುಂದಿನ ಶೇಂಗಾಕ್ಕೆ ಕೈಹಾಕಿದ. ನಂಟರಲ್ಲೊಬ್ಬರಿಗೆ ಕುತೂಹಲ. "ಮತ್ತ ರಿಪೇರಿ ಮಾಡಿದವರು ಯಾರು? ನೀವ ಏನು, ಡಿಪ್ಲೊಮಾದವರು?"

"ಅಲ್ರೀ. ವೈನಿ."

ಇಷ್ಟು ಚಿಕ್ಕ ಮಾತು ಹೊರಗೆ ಬರಲು ಇಷ್ಟು ವರ್ಷ ಬೇಕಾಯಿತು; ಬಂದಮೇಲೆ ನನಗೇ ಯಾರೋ ಬಿರುದು ಕೊಟ್ಟಷ್ಟು ಎದೆ ಉಬ್ಬಿತು. ವೈನಿ ಮೊದಲು ಅಣ್ಣನನ್ನು ನೋಡಿದರು, ಆಮೇಲೆ ನನ್ನನ್ನು.

"ಬೋಲ್ಟ ತಿರುವೂ ಪಾನಾ ಹಿಡಕೊಂಡು ನಿಂತಾಂವ ಇಂವನ," ಎಂದು ನಂಟರಿಗೆ ನನ್ನನ್ನು ತೋರಿಸಿದರು. "ಯಾವ ನಂಬರಿಂದು ಬೇಕು ಅಂತ ನಾನ ಹೇಳಬೇಕಾಗ್ತಿತ್ತು."