ಚಹಾ ಇಳಿದ ದಾರಿ

ಮಣ್ಣಿನ ಮೇಲೆ ಬಿದ್ದ ನೀರು ಎಷ್ಟು ಕಾಲಕ್ಕೆ ಎಷ್ಟು ಆಳ ಇಳಿಯುತ್ತದೆ ಎಂದು ಸಮೀಕರಣ ಕಟ್ಟಿ ಹೇಳುವುದು ವರ್ನಾ ಟುಲಕ್‌ಳ ಕೆಲಸ. ಅವಳಿಗಾಗಿ ನೆಲ ಕೊರೆಯುವವನು ನಾನು, ಕ್ಲೆಮ್. ತನ್ನ ಅಣ್ಣನ ಹಳೇ ಟೋಪಿ ಹಾಕಿಕೊಂಡು, ಮಣ್ಣಿನ ಹೆಂಟೆಗಳ ಜೊತೆ ಮಾತಾಡುತ್ತಾ ಆಸ್ಟ್ರೇಲಿಯಾದ ಈ ರಿವೆರಿನಾ ಬಯಲೆಲ್ಲ ಸುತ್ತುವ ಈ ಹೆಂಗಸಿನ ಹಿಂದೆ ಕೊಳವೆ ಹೊತ್ತು ಅಲೆದೇ ನನ್ನ ತಲೆ ನರೆಯಿತು. ಬೇಜಾರೇನಿಲ್ಲ. ನನಗೆ ಅವಳೆಂದರೆ ಬಹಳ ಇಷ್ಟ.

ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಬಡಿದು ಮಣ್ಣಿನ ಕಂಬ ತೆಗೆಯುತ್ತೇವೆ. ಅದರಲ್ಲಿ ಬಿರುಕೋ ಬೇರಿನ ತೂತೋ ಕಂಡರೆ, ಕೆಟ್ಟಿತೆಂದು ಎಸೆದು ಪಕ್ಕದಲ್ಲಿ ಇನ್ನೊಂದು ತೆಗೆಯುವುದು ರೂಢಿ. ನನಗದನ್ನು ಕಲಿಸಿದವಳೂ ಅವಳೇ.

ಆ ಬೇಸಿಗೆಯಲ್ಲಿ ಊರಿನ ಕೊಳಚೆ ನೀರಿಗೊಂದು ಹೊಂಡ ತೋಡಬೇಕಿತ್ತು, ಊನಾ ಗ್ಯಾರಿಟಿಯ ಹುಲ್ಲುಗಾವಲಿನ ಅಂಚಿನಲ್ಲಿ. ಊನಾಳ ಮನೆಗೂ ಹಸುಗಳಿಗೂ ಒಂದೇ ಬಾವಿ. "ನಿನ್ನ ಕಾಲದಲ್ಲಿ ಆ ನೀರು ಬಾವಿ ಮುಟ್ಟಲ್ಲ" ಎಂದು ವರ್ನಾ ಲೆಕ್ಕ ಹಾಕಿ ಹೇಳಿದ್ದಳು. ಆ ಮಾತನ್ನೇ ನಂಬಿ ಊನಾ ಮರುದಿನದ ಊರ ಸಭೆಯಲ್ಲಿ ಒಪ್ಪಿಗೆ ಕೊಡುವವಳಿದ್ದಳು.

ಅಂದು ಮಧ್ಯಾಹ್ನ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದೆವು. ಆರಿದ ಚಹಾವನ್ನು ನಾನು ಪಕ್ಕದಲ್ಲಿ ನಿಲ್ಲಿಸಿದ್ದ ಒಂದು ಕೆಟ್ಟ ಕಂಬದ ಮೇಲೆ ಚೆಲ್ಲಿದೆ. ಅದು ಬಿರುಕಿನಲ್ಲಿ ಸರ್ರನೆ ಇಳಿದು ಅವಳ ಬೂಟು ತೋಯಿಸಿತು.

"ಕಣ್ಣು ಎಲ್ಲಿಟ್ಟಿದೀಯೋ, ಮಂಕೇ!" ಎಂದವಳು ಥಟ್ಟನೆ ಬಗ್ಗಿ ಆ ಬಿರುಕನ್ನು ನೋಡಿದಳು. ಫ್ಲಾಸ್ಕಿನಲ್ಲಿ ಉಳಿದದ್ದನ್ನು ಬಿರುಕಿಲ್ಲದ ಕಂಬದ ಮೇಲೆ ಸುರಿದಳು. ಚಹಾ ಅಲ್ಲೇ ನಿಂತಿತು.

"ಕ್ಲೆಮ್, ನೀರು ಹೋಗೋ ದಾರೀನೇ ಎತ್ತಿ ಎಸೀತಾ ಬಂದಿದೀವಲ್ಲೋ."

"ಇಷ್ಟು ವರ್ಷದ ಕೆಲಸ ಕಣೇ! ನಾಳೆ ಸಭೆ ಮುಗೀಲಿ, ಆಮೇಲೆ ನೋಡೋಣ."

"ಬಾವಿ ನಿಂದಲ್ಲ. ಗಾಡಿ ತೆಗಿ."

ಊನಾ ಹಾಲು ಕರೆದು ಆಗಷ್ಟೇ ಅಡುಗೆಮನೆಗೆ ಬಂದಿದ್ದಳು. ವರ್ನಾ ಟೋಪಿ ತೆಗೆದು ನಿಂತೇ ಹೇಳಿದಳು: "ಮಣ್ಣಿಗೊಂದು ಲೆಕ್ಕ, ಬಿರುಕಿಗೊಂದು ಲೆಕ್ಕ ಹಾಕ್ಬೇಕಿತ್ತು ಊನಾ. ಎರಡನೇದು ಹಾಕೇ ಇಲ್ಲ. ನಾಳೆ ಒಪ್ಕೋಬೇಡ. ನಾನೇ ಎದ್ದು ಹೇಳ್ತೀನಿ."

"ಎಲ್ಲರೆದುರಿಗೂ?"

"ಎಲ್ಲರೆದುರಿಗೂ."

ಮರುದಿನ ಸಭೆಯಲ್ಲಿ ವರ್ನಾಳ ದನಿ ನಡುಗಲಿಲ್ಲ. ಯಾರೋ ಹಿಂದಿನಿಂದ ನಕ್ಕರು. ಹೊಂಡ ಬೇರೆಡೆಗೆ ಹೋಯಿತು. ಅವಳು ಅತ್ತದ್ದು ಹಿಂದಿನ ಸಂಜೆ, ಊನಾಳ ಅಡುಗೆಮನೆಯಲ್ಲೇ. ಊನಾ ಬೈಯುತ್ತಾಳೆಂದು ಆಗ ನಾವಿಬ್ಬರೂ ಕಾದಿದ್ದೆವು. ಅವಳು ಬಾವಿ ನೀರಿನ ನಲ್ಲಿ ತಿರುಗಿಸಿ ಕೆಟಲ್ ತುಂಬಿ ಒಲೆಯ ಮೇಲಿಟ್ಟಳು.

"ಕೂತ್ಕೋ ಮಾರಾಯ್ತಿ. ಬಾವಿ ನೀರು ಚೆನ್ನಾಗಿರೋವಾಗ್ಲೇ ಬಂದು ಹೇಳಿದ್ಯಲ್ಲ."

ವರ್ನಾ ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತು ಎರಡು ಕಪ್ ಕುಡಿದಳು.