ಮೊರಬದಿಂದ ಬಂದ ಮಗಳು

ನಾದಿನಿಯ ಮೂರನೆಯ ಮಗಳನ್ನು ದತ್ತಕ ತೆಗೆದುಕೊಳ್ಳಬೇಕೆಂದು ಮೊದಲು ಆಸೆಪಟ್ಟವರು ನನ್ನ ಗಂಡ. ಸಂಶಿಯಲ್ಲಿ ಅವರದು ಮೋಟಾರು ರಿಪೇರಿ ಅಂಗಡಿ. ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಮೊರಬದಲ್ಲಿದ್ದ ತಂಗಿಯನ್ನು ಅವರೇ ಕೇಳಿದರು. ಆಕೆಯೂ ಆಕೆಯ ಗಂಡನೂ ಒಪ್ಪಿದರು. ಕುಂದಗೋಳದ ವಕೀಲರು ಎಲ್ಲರನ್ನೂ ಎದುರು ಕೂರಿಸಿಕೊಂಡು ಹೇಳಿದರು: “ಛಾಪಾ ಕಾಗದದ ಖರ್ಚು, ನೋಂದಣಿ, ನನ್ನ ಫೀ. ಇಷ್ಟ ನೋಡ್ರಿ. ಕೂಸಿನ ಸಲುವಾಗಿ ಒಂದ ರೂಪಾಯಿ ಕೈ ಬದಲಾದ್ರೂ ಅದು ಗುನ್ಹೆ.”

“ತಂಗೀಗೆ ಒಂದ ಸೀರಿನೂ ಕೊಡಬಾರದೇನ್ರಿ?” ಎಂದು ನನ್ನವರು ಕೇಳಿದಾಗ ಎಲ್ಲರೂ ನಕ್ಕೆವು.

ಪತ್ರ ನೋಂದಣಿಯಾಗುವ ಮೊದಲೇ, ಅಂಗಡಿಯಲ್ಲಿ ಮೋಟಾರು ಬಿಚ್ಚುತ್ತ ಕುಳಿತವರು ಹಾಗೇ ಪಕ್ಕಕ್ಕೆ ಒರಗಿದರು. ಮತ್ತೆ ಏಳಲಿಲ್ಲ.

ಮಣ್ಣಿಗೆ ಬಂದ ಮಂದಿ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ದಿನವಿಡೀ ಒಂದು ಮಾತೂ ಆಡದೆ ಸಂಜೆಯಾಗುತ್ತಿತ್ತು. ದತ್ತಕದ ಸುದ್ದಿ ಯಾರೂ ಎತ್ತದಿದ್ದಾಗ ನಾನೇ ಮೊರಬಕ್ಕೆ ಹೋದೆ. ನಾದಿನಿಯ ಗಂಡ ನನ್ನ ಮುಖ ನೋಡದೆ ಅಂದರು: “ಅಪ್ಪ ಇಲ್ಲದ ಮನಿಗೆ ಕೂಸಿನ್ನ ಹೆಂಗ ಕಳಸೂದ್ರಿ? ತಪ್ಪ ತಿಳೀಬ್ಯಾಡ್ರಿ.”

ತಪ್ಪು ತಿಳಿಯಲಿಲ್ಲ. ಹುಡುಗಿ ಅಂಗಳದಲ್ಲಿ ಅಕ್ಕಂದಿರೊಡನೆ ಆಡುತ್ತಿದ್ದಳು. ಚಹಾ ಕುಡಿದು ಬಸ್ಸು ಹತ್ತಿದೆ.

ಹೆಸರುಕಾಳಿನ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ನಾದಿನಿಯೇ ಬಾಗಿಲಿಗೆ ಬಂದಳು. “ವೈನಿ, ಅಣ್ಣ ಬಾಯಿ ಬಿಟ್ಟು ನನ್ನ ಕಡೆ ಬೇಡಿದ್ದು ಅದೊಂದ. ಮನ್ಯಾಗಿನವರೂ ಹೂಂ ಅಂದಾರ. ಕುಂದಗೋಳಕ್ಕ ಹೋಗೂಣು ನಡೀರಿ.”

ವಿಧವೆ ಒಬ್ಬಳೇ ದತ್ತಕ ತೆಗೆದುಕೊಳ್ಳಬಹುದೆಂದು ವಕೀಲರು ಪತ್ರವನ್ನು ಹೊಸದಾಗಿ ಬರೆಸಿದರು. ಅದರಲ್ಲಿ ನನ್ನವರ ಸಹಿಗೆ ಜಾಗವಿರಲಿಲ್ಲ. ಬರೀ ಸಹಿ ಸಾಲದು, ಕೂಸನ್ನು ಕೈಯಾರೆ ಕೊಡಬೇಕು, ಕೈಯಾರೆ ತೆಗೆದುಕೊಳ್ಳಬೇಕು ಎಂದರು. ಗಂಡಹೆಂಡತಿ ಇಬ್ಬರೂ ಸಾಕ್ಷಿಗಳ ಮುಂದೆ ಮಗಳನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು. ನಾಲ್ಕು ವರ್ಷದವಳು, ಕಾಲುಗಳು ನೆಲಕ್ಕೆ ತಾಗುತ್ತಿದ್ದವು. ಯಾಕೆ ಎಲ್ಲರೂ ಅಳುತ್ತಿದ್ದೇವೆಂದು ಅವಳಿಗೆ ತಿಳಿಯಲಿಲ್ಲ.

ಶಾಲೆಯಲ್ಲಿ ತಾಯಿ ಎಂದು ನನ್ನ ಹೆಸರು ಬರೆಸಿದೆ. ಮನೆಯಲ್ಲಿ ಮಾತ್ರ ನಾನು ಇನ್ನೂ ‘ಅತ್ತಿ’ಯೇ. ಊಟ ಹಾಕಿದರೆ ಉಣ್ಣುತ್ತಿದ್ದಳು, ಕರೆದರೆ ಬರುತ್ತಿದ್ದಳು, ಗದರಿಸಿದರೆ ಸುಮ್ಮನಾಗುತ್ತಿದ್ದಳು. ಬಂದ ನೆಂಟರ ಮಗುವಿನ ಹಾಗೆ. ಮನೆಯಲ್ಲಿ ಇಬ್ಬರಾದರೂ ನನ್ನ ಒಂಟಿತನ ಕಡಿಮೆಯಾಗಲಿಲ್ಲ. ಅವಳದೂ ಒಂದು ಬಂದು ಸೇರಿತು.

ಒಂದು ಮಧ್ಯಾಹ್ನ ಅವಳಿಗೆ ಜ್ವರ ಏರಿತು. “ಅವ್ವ ಬೇಕು” ಎಂದು ಒಂದೇ ಸಮನೆ ಅತ್ತಳು. ತಡೆಯಲಾರದೆ ಮೊರಬಕ್ಕೆ ಫೋನ್ ಹಚ್ಚಿ ಅವಳ ಕಿವಿಗಿಟ್ಟೆ. ನಾದಿನಿಯ ದನಿ ನನಗೂ ಕೇಳಿಸಿತು: “ಅಳಬ್ಯಾಡ ಬೇ. ನಿಮ್ಮವ್ವ ನಿನ್ನ ಬಾಜೂಕ ಕುಂತಾಳಲ್ಲ. ಆಕೀನ್ನ ಕೇಳು.”

ಹುಡುಗಿ ನನ್ನನ್ನು ಬಹಳ ಹೊತ್ತು ನೋಡಿದಳು. ಏನೂ ಕರೆಯಲಿಲ್ಲ. “ನೀರು” ಎಂದಳು.

ಕುಡಿಸಿ ಮಲಗಿಸಿ ಫೋನ್ ಎತ್ತಿಕೊಂಡು “ಹಲೋ” ಎಂದೆ. ಆಕೆ ಅದಾಗಲೇ ಇಟ್ಟುಬಿಟ್ಟಿದ್ದಳು.