ಗ್ಯಾಸು ಸೋರುವ ಸದ್ದು

ನನಗೆ ಬರುವ ವಿದ್ಯೆಗಳು ಎರಡು: ಎಸಿ ಕೂರಿಸುವುದು, ಇನ್ನೊಬ್ಬರ ದನಿ ಕದಿಯುವುದು. ಕಂಪ್ರೆಸರ್ ಸಾಯುವ ಮುಂಚೆ ಹೇಗೆ ಕೆಮ್ಮುತ್ತದೆ, ಫ್ಯಾನಿನ ಬೇರಿಂಗ್ ಸವೆದರೆ ಹೇಗೆ ಗೊಣಗುತ್ತದೆ, ಹದಿನಾರು ಡಿಗ್ರಿಗೆ ಇಟ್ಟು ಕಂಬಳಿ ಹೊದ್ದ ಗಿರಾಕಿ ಹೇಗೆ ಕರೆಂಟ್ ಬಿಲ್ಲನ್ನು ಬೈಯುತ್ತಾನೆ, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ನನ್ನನ್ನೂ ಬಿಟ್ಟಿಲ್ಲ. ಏಣಿಯ ನಾಲ್ಕನೇ ಮೆಟ್ಟಿಲು ದಾಟಿದರೆ ನನ್ನ ಗಂಟಲಿನಿಂದ ಕುರಿಮರಿ ಮಾತಾಡುತ್ತದೆ. ಅದನ್ನೂ ನಾನೇ ಆಡಿ ತೋರಿಸಿ ಜನರನ್ನು ನಗಿಸುತ್ತೇನೆ. ಬೇರೆಯವರು ಆಡಿ ತೋರಿಸುವ ಮುಂಚೆ ನಾವೇ ಮಾಡಿಬಿಟ್ಟರೆ ಮರ್ಯಾದೆ ಸ್ವಲ್ಪ ಉಳಿಯುತ್ತದೆ.

ಮೊದಲನೇ ವಿದ್ಯೆ ಕಲಿಸಿದವನು ನನ್ನ ಸೋದರಮಾವ. ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದೊಡ್ಡ ಕೂಲಿಂಗ್ ಮೆಷಿನ್ನುಗಳ ಪಕ್ಕದಲ್ಲೇ ಕೂತು ಎದ್ದು, ಆಮೇಲೆ ದೊಡ್ಡಬಳ್ಳಾಪುರಕ್ಕೆ ಬಂದು ಅಂಗಡಿ ತೆರೆದವನು. ಕಂಟ್ರಾಕ್ಟರ್ ಲೈಸೆನ್ಸು ಅವನ ಹೆಸರಿನಲ್ಲೇ ಇತ್ತು. ಗಾಜು ಹಾಕಿಸಿ, ದೇವರ ಫೋಟೋದ ಪಕ್ಕ ನೇತುಹಾಕಿ, ಎರಡಕ್ಕೂ ಒಂದೇ ಊದುಬತ್ತಿ ಬೆಳಗುತ್ತಿದ್ದ. ಪೈಪಿನಲ್ಲಿ ಗ್ಯಾಸು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಎಲ್ಲರೂ ಸೋಪಿನ ನೊರೆ ಬಳಿಯುತ್ತಾರೆ. ಗುಳ್ಳೆ ಎದ್ದ ಕಡೆ ತೂತು. ಮಾವ ನೊರೆ ಮುಟ್ಟುತ್ತಿರಲಿಲ್ಲ. ಸ್ಕ್ರೂಡ್ರೈವರ್ ತುದಿಯನ್ನು ಪೈಪಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚುತ್ತಿದ್ದ. ನೊರೆ ಏನಿದ್ದರೂ ಪಾತ್ರೆ ತೊಳೆಯೋರಿಗೆ ಅನ್ನುತ್ತಿದ್ದ.

ಹಾಗೆ ಅವನು ಕಣ್ಣು ಮುಚ್ಚಿದಾಗ ಹಿಂದೆ ಹೋಗಿ ನಿಂತು, ಹಲ್ಲಿನ ಸಂದಿಯಲ್ಲಿ 'ಸ್ಸ್ಸ್' ಎಂದು ಗ್ಯಾಸು ಬಿಡುವುದು ನನ್ನ ಚಾಳಿ. ಮಾವ ಬೆಚ್ಚಿ, ಹೆಗಲ ಮೇಲಿನ ಒರೆಸುವ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆಯುತ್ತಿದ್ದ. ನಾಲ್ಕು ವರ್ಷ ಆ ಬಟ್ಟೆಯ ಗ್ರೀಸು ತಿಂದಿದ್ದೇನೆ.

ಇನ್ನೊಂದು ಪದ್ಧತಿಯೂ ಇತ್ತು. ಕೆಲಸ ಮುಗಿಸಿ ವಾಪಸು ಬರುವಾಗ ಎಲ್ಲಾದರೂ ಟೀಗೆ ನಿಲ್ಲಿಸುತ್ತಿದ್ದೆವು. ಅಲ್ಲಿ ನಾನು ಅವತ್ತಿನ ಗಿರಾಕಿಯನ್ನು ಆಡಿ ತೋರಿಸಬೇಕು. ಮಾವ ಗ್ಲಾಸು ಕೆಳಗಿಟ್ಟು, ತೊಡೆ ತಟ್ಟಿ ನಗುತ್ತಿದ್ದ. ಅದಾದ ಮೇಲೆಯೇ ಅವನ ಲೆಕ್ಕದಲ್ಲಿ ಕೆಲಸ ಮುಗಿದಂತೆ.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಒಂದು ದಿನ ಅವನ ಹಿಂದೆ ನಿಂತು 'ಸ್ಸ್ಸ್' ಎಂದೆ. ಮಾವ ಬೆಚ್ಚಲಿಲ್ಲ. ಇನ್ನೂ ಹತ್ತಿರ ಹೋಗಿ ಮತ್ತೊಮ್ಮೆ ಮಾಡಿದೆ. ಕಣ್ಣು ಮುಚ್ಚಿಕೊಂಡು ಪೈಪಿಗೆ ಕಿವಿ ಕೊಟ್ಟೇ ನಿಂತಿದ್ದ. ಮೂರನೇ ಸಲ ನನ್ನ ಉಸಿರು ಅವನ ಕತ್ತಿನ ಕೂದಲಿಗೆ ತಾಗಿತು. ಆಗ ತಿರುಗಿ ನೋಡಿ, ಏನ್ಲಾ ಸೆಕೆ ಆಗ್ತಿದ್ಯಾ ಎಂದು ಕೇಳಿದ.

ನಾನು ಯಾರಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಅವನೂ ನನಗೆ ಹೇಳಲಿಲ್ಲ. ಈಗಿನ ಮೆಷಿನ್ನುಗಳು ಉಸಿರೇ ಬಿಡೋದಿಲ್ಲ, ಹಳೇವು ಆಗಿದ್ದರೆ ಮಾತಾಡ್ತಿದ್ದವು ಎಂದು ಮಾತ್ರ ಅಲ್ಲಲ್ಲಿ ಗೊಣಗುತ್ತಿದ್ದ. ಕೆಲಸ ಬಿಟ್ಟರೆ ಅವನ ಕೈಗೆ ಇನ್ನೇನೂ ಗೊತ್ತಿರಲಿಲ್ಲ. ಹಬ್ಬದ ದಿನವೂ ಮಧ್ಯಾಹ್ನದ ಮೇಲೆ ಅಂಗಡಿ ಬಾಗಿಲು ತೆಗೆದು ಸುಮ್ಮನೆ ಪಾನಾ, ಸ್ಕ್ರೂಡ್ರೈವರ್ ಒರೆಸುತ್ತ ಕೂರುವವನು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವನು ಕಿವಿಯಿಟ್ಟು ಎದ್ದ ಮೇಲೆ ಕದ್ದು ನೊರೆ ಬಳಿದು ನೋಡುತ್ತಿದ್ದೆ. ಅವನಿಗೆ ಫೋನ್ ಬಂದರೆ ನಾನೇ ಎತ್ತಿ ಅವನ ದನಿಯಲ್ಲಿ ಮಾತಾಡುತ್ತಿದ್ದೆ. ಗಿರಾಕಿಗಳಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಮಜಾ ಬರುತ್ತಿತ್ತು.

ಆ ಮಜಾದಲ್ಲೇ ಕೆಡಿಸಿದೆ. ದೇವನಹಳ್ಳಿಯಾಚೆಯ ಒಂದು ಕಲ್ಯಾಣ ಮಂಟಪದ ಓನರ್ ಫೋನ್ ಮಾಡಿದ. ಮಾರನೇ ದಿನ ಮದುವೆ, ದೊಡ್ಡ ಹಾಲಿನ ಎಸಿ ತಂಪು ಕೊಡುತ್ತಿಲ್ಲ. ಹುಡುಗರನ್ನ ಕಳಿಸಬೇಡಿ, ನೀವೇ ಬನ್ನಿ ಎಂದ. ನಾನು ಮಾವನ ಹಾಗೆ ಗಂಟಲು ಕೆರೆದು, ಮಾವನ ಗತ್ತಿನಲ್ಲಿ, "ನಾನೇ ಬರ್ತೀನಿ ಸ್ವಾಮಿ, ನಾನ್ ಕಿವಿ ಇಟ್ಟ ಮೆಷಿನ್ನು ಇವತ್ತಿನವರೆಗೂ ಸುಳ್ಳು ಹೇಳಿಲ್ಲ" ಎಂದುಬಿಟ್ಟೆ. ಚೆನ್ನಾಗಿ ಬಂತಲ್ಲ ಎಂದು ನಾನೇ ಖುಷಿಪಟ್ಟುಕೊಂಡೆ. ಆಮೇಲೆ ನೆನಪಾಯಿತು, ಆ ಮಧ್ಯಾಹ್ನ ನೆಲಮಂಗಲದ ಒಂದು ಗೋಡೌನಿಗೆ ನಾನು ಬರುತ್ತೇನೆಂದು ಒಪ್ಪಿಕೊಂಡಿದ್ದೆ. ಮಾವ ಒಬ್ಬನೇ ಮಂಟಪಕ್ಕೆ ಹೋದ. ಪೈಪು ಜೋಡಿಸಿ, ಕಿವಿಯಿಟ್ಟು ಕೇಳಿ, ಗ್ಯಾಸು ತುಂಬಿಸಿ, ಕಾಶ್ಮೀರ ಮಾಡಿಟ್ಟು ಬಂದಿದೀನಿ ಎಂದು ನಗುತ್ತ ಬಂದ. ನಾನು ನೊರೆಯ ಮಾತೆತ್ತಲಿಲ್ಲ. ಎತ್ತಿದ್ದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ನೋಡಿಕೊಂಡು ಬರುತ್ತೇನೆಂದು ಮಾವ ನನಗಿಂತ ಮುಂಚೆಯೇ ಹೊರಟಿದ್ದ. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇರುವಾಗ ನಾನು ತಲುಪಿದೆ. ಒಳಗೆ ಎಲ್ಲರೂ ಲಗ್ನಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ರಾತ್ರಿಯಿಡೀ ಸೋರಿ ಗ್ಯಾಸು ಬಹುಪಾಲು ಹೋಗಿತ್ತು. ಹಿಂದುಗಡೆ ಜನರೇಟರ್ ಪಕ್ಕದಲ್ಲಿ ಓನರ್ ಮಾವನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದ. ನಾನು ಇಲ್ಲಿ ಬರೆಯಲಾರದ ಬೈಗುಳ. ಹೆಣ್ಣಿನ ಕಡೆಯವರು ನಾಲ್ಕು ಜನ ಸುತ್ತ ನಿಂತಿದ್ದರು. ಮಾವ ಅವನ ಬಾಯಿಯನ್ನೇ ನೋಡುತ್ತ, ಸಣ್ಣಗೆ ನಗುತ್ತ, ಪ್ರತಿ ಬೈಗುಳಕ್ಕೂ ತಲೆಯಾಡಿಸುತ್ತಿದ್ದ.

"ಆಗ್ಲಿ ಸ್ವಾಮಿ" ಎಂದ. "ಎಲ್ಲ ನಿಮ್ಮ ಆಶೀರ್ವಾದ."

ಸುತ್ತ ಇದ್ದವರು ನಕ್ಕರು. ಜನ ನಗುವಾಗ ನನಗೆ ಯಾವಾಗಲೂ ಹೊಟ್ಟೆ ತುಂಬಿದಂತಾಗುತ್ತದೆ. ಅವತ್ತು ಮಾತ್ರ ಆ ನಗುವಿಗೆ ಬೆನ್ನು ಹಾಕಿ ನಡೆದೆ.

ಏಣಿ ಹತ್ತಿ ಪೈಪಿನ ಹತ್ತಿರ ಹೋದೆ. ಸ್ಕ್ರೂಡ್ರೈವರ್ ಬೇಕಾಗಿರಲಿಲ್ಲ. ಪೈಪಿಗೆ ಕಿವಿ ತಾಗಿಸುವ ಮುಂಚೆಯೇ ಕೇಳಿಸುತ್ತಿತ್ತು: ಸ್ಸ್ಸ್. ನನ್ನದೇ ದನಿ. ಒಂದು ನಟ್ಟು ಅರ್ಧ ಸುತ್ತು ಸಡಿಲವಿತ್ತು, ಅಷ್ಟೇ. ಬಿಗಿಮಾಡಿ, ಗ್ಯಾಸು ತುಂಬಿಸಿ, ಹಾಲ್ ತಣ್ಣಗಾಗುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು, ಮದುಮಗಳ ಕಾಡಿಗೆ ಕೆನ್ನೆಗಿಳಿದಿತ್ತು.

ಬರುವಾಗ ಮಾವ ತಾನೇ ಕೈ ಮಾಡಿ ಟೀ ಅಂಗಡಿ ಮುಂದೆ ನಿಲ್ಲಿಸಿದ. ಟೀ ಬಂತು. ಅವನು ಗ್ಲಾಸು ಕೆಳಗಿಟ್ಟ.

"ಏನಂದ ಓನರ್ರು? ಮಾಡಿ ತೋರ್ಸು."

ನಾನು ಎದ್ದು ನಿಂತೆ. ಹೊಟ್ಟೆ ಮುಂದೆ ಮಾಡಿ, ಪಂಚೆ ಎತ್ತಿ ಕಟ್ಟಿದಂತೆ ಮಾಡಿ, ಮಾವನಿಗೆ ಕೇಳುವಷ್ಟು ಜೋರಾಗಿ ಹೇಳಿದೆ, "ಏನೋ ಒಂದ್ ನಟ್ಟು ಸಡ್ಲ ಆಗಿದ್ಯಂತೆ, ಬಿಡಪ್ಪಾ. ನಿನ್ನಂಥ ಕೆಲಸಗಾರ ಈ ತಾಲ್ಲೂಕಲ್ಲೇ ಇಲ್ಲ."

ಮಾವ ನಗಲಿಲ್ಲ.

"ಮುಖ ಸರಿಯಾಗಿ ಬರ್ಲಿಲ್ಲ ಕಣೋ" ಎಂದ. "ಅವನು ಹಲ್ಲು ಕಚ್ತಿದ್ದ. ಕತ್ತಿನ ನರ ಎದ್ದಿತ್ತು."

ನಾನು ಕೂತುಕೊಂಡೆ. ಟೀ ಕೆನೆ ಕಟ್ಟಿತು. ಎಷ್ಟು ದಿನದಿಂದ ಗೊತ್ತು ಎಂದು ಅವನು ಕೇಳಲಿಲ್ಲ. ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು, ಹೆಗಲ ಬಟ್ಟೆಯಲ್ಲಿ ಒರೆಸಿ, ನನ್ನ ಗ್ಲಾಸಿನ ಪಕ್ಕ ಇಟ್ಟ.

ಆಮೇಲೆ ಮಾವ ಸೈಟಿಗೆ ಬರಲೇ ಇಲ್ಲ. ಕಿವಿಗೆ ಹಾಕುವ ಮೆಷಿನ್ನು ಕೊಡಿಸಿದೆವು. ಅದರಲ್ಲಿ ಎಲ್ಲಾ ಸದ್ದೂ ತಗಡಿನಂತೆ ಕೇಳುತ್ತದಂತೆ. ಬಿಚ್ಚಿ ಜೇಬಿಗೆ ಹಾಕಿಕೊಂಡ. ಈಗ ಲೈಸೆನ್ಸು ನನ್ನ ಹೆಸರಿನಲ್ಲಿದೆ. ಅದಕ್ಕೆ ಗಾಜು ಹಾಕಿಸಿಲ್ಲ. ಅವನ ಸ್ಕ್ರೂಡ್ರೈವರನ್ನು ಪೈಪಿಗಿಟ್ಟು ನಾನೂ ಕಣ್ಣು ಮುಚ್ಚಿ ನೋಡಿದ್ದೇನೆ. ನನಗೆ ಮೆಷಿನ್ನು ಏನೂ ಹೇಳುವುದಿಲ್ಲ, ನೊರೆ ಬಳಿಯುತ್ತೇನೆ.

ಮಾವ ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಬರುತ್ತಾನೆ. ಗಿರಾಕಿಗಳ ಮನೆಯಿಂದ ತಂದ ಫಿಲ್ಟರುಗಳ ಧೂಳು ತೊಳೆದು, ಬಿಸಿಲಿಗೆ ಸಾಲಾಗಿ ಒರಗಿಸಿ, ಅವು ಒಣಗುವವರೆಗೂ ಅವುಗಳ ಮುಂದೆ ಕೂತಿರುತ್ತಾನೆ. ಟೀ ಕುಡಿಯುವಾಗ ಯಾರನ್ನೂ ಆಡಿ ತೋರಿಸು ಎನ್ನುವುದಿಲ್ಲ. ನಾನೂ ಬಿಟ್ಟಿದ್ದೇನೆ. ದಿನಕ್ಕೊಂದು ಸಲ ಮಾತ್ರ, ಯಾರೂ ಇಲ್ಲದಾಗ, ಅವನ ಬೆನ್ನ ಹಿಂದೆ ಹೋಗಿ ನಿಂತು 'ಸ್ಸ್ಸ್' ಎನ್ನುತ್ತೇನೆ. ಬಟ್ಟೆ ಈಗಲೂ ಅವನ ಹೆಗಲ ಮೇಲೇ ಇರುತ್ತದೆ. ಸ್ವಲ್ಪ ಹೊತ್ತು ಕಾದು, ಒಳಗೆ ಬರುತ್ತೇನೆ.